ಸತುವಿನ ಹಸಿವು

ಸೀತಾಳಿ ಹೊಳೆ ಕಡಲು ಸೇರುವ ಬಾಯಲ್ಲಿ ಹೊಸಕುರ್ವೆ ಎಂಬ ನಡುಗಡ್ಡೆಯಿದೆ. ಅಲ್ಲಿನ ಹೆಂಗಸರಿಗೆ ಹೊಳೆಯೆಂದರೆ ಮನೆಯಂಗಳವಿದ್ದ ಹಾಗೆ. ನೀರು ಇಳಿಯುವ ಹೊತ್ತಿಗೆ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯುತ್ತಿದ್ದರು. ಪಾದದ ಬೆರಳಲ್ಲೇ ಮರಳು ಕೆದಕಿ, ಚಿಪ್ಪು ತಾಗಿದೊಡನೆ ಬಗ್ಗಿ ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕುತ್ತಿದ್ದರು. ಹೊಳೆಯ ಮೇಲ್ಭಾಗದಲ್ಲಿ, ಆಯುಸ್ಸು ಮುಗಿದ ಸೌರಫಲಕಗಳನ್ನು ಒಡೆದು ಬೇರ್ಪಡಿಸುವ ಕಾರ್ಖಾನೆಯೊಂದು ಬಂದಾಗ ಅವರಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಮಳೆಗಾಲದಲ್ಲಿ ಅದರ ಕೊಳಕಿನ ಹೊಂಡ ಒಡೆದು ಹೊಳೆಗೆ ಹರಿಯಿತು. ಕಾರ್ಖಾನೆಗೆ ಬೀಗ ಬಿತ್ತು. ಆದರೆ ಅದು ಬಿಟ್ಟುಹೋದ ಕ್ಯಾಡ್ಮಿಯಂ ಎಂಬ ವಿಷಲೋಹ ಹೊಸಕುರ್ವೆಯ ಗಜನಿಯಲ್ಲಿ ಕೆಸರಿನ ಜೊತೆ ಕೂತುಬಿಟ್ಟಿತು.

ಗಜನಿಯೆಂದರೆ ಹೊಳೆಯಂಚಿಗೆ ಮಣ್ಣಿನ ಒಡ್ಡು ಹಾಕಿ ಮಾಡಿದ ಉಪ್ಪುನೀರಿನ ಗದ್ದೆ. ಮಳೆಗಾಲದಲ್ಲಿ ಭತ್ತ, ಉಳಿದ ಕಾಲದಲ್ಲಿ ಸಿಗಡಿ, ಮೀನು. ಒಡ್ಡಿನ ನಡುವೆ ಜಂತ್ರ ಎಂಬ ಬಾಗಿಲುಗಳಿರುತ್ತವೆ; ಭರತದ ನೀರನ್ನು ಒಳಗೆ ಬಿಡಲು, ಇಳಿತಕ್ಕೆ ಹೊರಗೆ ಕಳಿಸಲು. ಪ್ರತಿ ಇಳಿತಕ್ಕೂ ಕೆಸರಿನ ವಿಷ ಇಷ್ಟಿಷ್ಟೇ ಹೊರಬಿದ್ದು ಬಳಚು ಬೆಳೆಯುವ ಮರಳುದಿಬ್ಬಗಳ ಮೇಲೆ ಹಾಯುತ್ತಿತ್ತು. ಈ ಹೊಳೆಯ ಬಳಚನ್ನು ತೆಗೆಯಕೂಡದು, ಮಾರಕೂಡದು, ತಿನ್ನಕೂಡದು ಎಂಬ ಹಲಗೆ ದೋಣಿಕಟ್ಟೆಯಲ್ಲಿ ಬಂದು ನಿಂತಿತು.

ಕಾರವಾರದ ಸಾಗರಜೀವ ಸಂಶೋಧನಾಲಯದಲ್ಲಿದ್ದ ಶಾಲ್ಮಲಾ ನಾಯಕ ಹೊಸಕುರ್ವೆಯ ಮಗಳೇ. ಹಲಗೆ ನಿಂತ ವಾರದಲ್ಲೇ ಅವಳು ಗಜನಿಯ ಕೆಸರನ್ನು ಡಬ್ಬಿಗಳಲ್ಲಿ ತುಂಬಿ ಲ್ಯಾಬಿಗೆ ತಂದಳು. ವಿಷ ಎಷ್ಟಿದೆ ಎಂದು ಅಳೆಯುವುದಷ್ಟೇ ಆಗ ಅವಳ ಕೆಲಸ. ಅದರಲ್ಲಿ ಜೀವ ಹುಡುಕುವ ಆಸೆ ಅವಳಿಗಿರಲಿಲ್ಲ.

ಜೀವವನ್ನು ಕಂಡವನು ಅವಳ ಸಹೋದ್ಯೋಗಿ ಪೀಟರ್ ಫರ್ನಾಂಡಿಸ್. ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಮೇಡಂ, ಇಲ್ಲೊಂದ್ಸಲ ನೋಡಿ. ಸತ್ತಿರ್ಬೇಕಾಗಿದ್ದು ಯಾವುದೂ ಸತ್ತಿಲ್ಲ" ಎಂದ.

ಶಾಲ್ಮಲಾ ಕಣ್ಣಿಟ್ಟು ನೋಡಿದಳು. ಚಿನ್ನದ ಬಣ್ಣದ ಪುಟ್ಟ ಬಿಲ್ಲೆಗಳು. ಗಾಜಿನ ಡಬ್ಬಿಯೊಳಗೆ ಒಂದು ಹನಿ ಬೆಲ್ಲದ ಪಾಕ ಹೊಯ್ದು ಮುಚ್ಚಳ ಹಾಕಿದಂತೆ ಇದ್ದವು. ಡಯಾಟಮ್‌ಗಳು. ಒಂದೇ ಕೋಶದ ಜೀವಿಗಳು, ನೀರಿನಲ್ಲಿ ಕರಗಿದ ಮರಳಿನಂಶದಿಂದ ತಮ್ಮ ಚಿಪ್ಪನ್ನು ತಾವೇ ಕಟ್ಟಿಕೊಳ್ಳುವಂಥವು. ವಿಷ ತುಂಬಿದ ಕೆಸರಿನಲ್ಲಿ ಅವು ಬರೀ ಬದುಕಿರಲಿಲ್ಲ, ಒಂದು ಎರಡಾಗಿ ಹೆಚ್ಚುತ್ತಿದ್ದವು.

ಇದು ಹೇಗೆ ಸಾಧ್ಯವೆಂದು ತಿಳಿಯಲು ಅವಳಿಗೆ ಬಹಳ ತಿಂಗಳು ಹಿಡಿಯಿತು. ಸಸ್ಯಜೀವಿಗಳೆಲ್ಲ ಇಂಗಾಲದ ಅನಿಲವನ್ನು ಒಳಗೆಳೆದುಕೊಂಡು ಊಟ ಮಾಡಿಕೊಳ್ಳಬೇಕು. ಅದಕ್ಕೆ ಒಂದು ಕಿಣ್ವ ಬೇಕು, ಆ ಕಿಣ್ವದ ನಟ್ಟನಡುವೆ ಸತುವಿನ ಒಂದೇ ಒಂದು ಅಯಾನು ಕೂತಿರಬೇಕು. ಸತು ಇಲ್ಲದಿದ್ದರೆ ಕಿಣ್ವ ಇದ್ದೂ ಇಲ್ಲ. ಬತ್ತಿಯಿಲ್ಲದ ದೀಪದ ಹಾಗೆ. ಕ್ಯಾಡ್ಮಿಯಂ ಗುಣದಲ್ಲಿ ಸತುವಿನ ದಾಯಾದಿ. ನಮ್ಮ ನಿಮ್ಮ ಮೈಯಲ್ಲಿ ಅದು ಸತುವಿನ ಜಾಗಕ್ಕೆ ನುಗ್ಗಿ ಕೂತು ಮನೆ ಹಾಳುಮಾಡುತ್ತದೆ. ಆದರೆ ಕಡಲಿನ ಕೆಲವು ಡಯಾಟಮ್‌ಗಳು ಸತುವಿಗೆ ಬರ ಬಂದಾಗ ಕ್ಯಾಡ್ಮಿಯಮ್ಮನ್ನೇ ಆ ಜಾಗದಲ್ಲಿ ಕೂರಿಸಿಕೊಂಡು ಬದುಕು ಸಾಗಿಸುತ್ತವೆ. ಗಜನಿಯ ತಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೆಲಸಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು, ಹೆಚ್ಚಿನದನ್ನು ಗಂಧಕದ ಎಳೆಗಳಿಂದ ಕಟ್ಟಿ ತನ್ನೊಳಗಿನ ಮೂಲೆಯೊಂದರಲ್ಲಿ ಪೇರಿಸಿಡುತ್ತಿತ್ತು. ಲ್ಯಾಬಿನ ತೊಟ್ಟಿಯಲ್ಲಿ ಸತುವನ್ನು ಪೂರ್ತಿ ತೆಗೆದ ನೀರಿಗೆ ಬಿಟ್ಟಾಗ, ಅವು ನೀರಿನ ವಿಷವನ್ನೆಲ್ಲ ಕೆಲವೇ ದಿನಗಳಲ್ಲಿ ಹೀರಿ ತೆಗೆದವು.

"ಇದರ ಮುಂದೆ ನಮ್ಮ ಫಿಲ್ಟರು ಗಿಲ್ಟರು ಎಲ್ಲ ಆಟಿಕೆ" ಎಂದ ಪೀಟರ್.

ಆ ಹೊತ್ತು ಶಾಲ್ಮಲಾ ನೆನೆದದ್ದು ಅವ್ವನನ್ನು.

ಅವ್ವ ಬೀರಮ್ಮ ಈಗ ಕಾರವಾರದಲ್ಲಿ ಮಗಳ ಜೊತೆಯಲ್ಲೇ ಇದ್ದಳು. ಹೊಂಡ ಒಡೆದದ್ದು ಯಾರಿಗೂ ತಿಳಿಯುವ ಮುಂಚಿನ ದಿನಗಳಲ್ಲಿ, ಎಲ್ಲರ ಹಾಗೆ ಅವಳೂ ಬಳಚು ತಿಂದಿದ್ದಳು. ಈಗ ಸೊಂಟದ ಮೂಳೆ ನೋವು. ಮೂತ್ರಪಿಂಡ ಮೊದಲಿನಂತೆ ಕೆಲಸ ಮಾಡುತ್ತಿಲ್ಲ ಎಂದಿದ್ದರು ವೈದ್ಯರು. ಅವ್ವನ ದೂರು ಮಾತ್ರ ನೋವಿನ ಬಗ್ಗೆ ಇರಲಿಲ್ಲ.

"ಕಾಯಿ ಹಾಕಿ ಬಳಚಿನ ಸುಕ್ಕ ಮಾಡಿ ಎಷ್ಟ್ ಕಾಲ ಆಯ್ತು" ಎನ್ನುತ್ತಿದ್ದಳು, ತಟ್ಟೆಯಲ್ಲಿದ್ದ ಬೇಳೆಸಾರನ್ನು ಬೆರಳಲ್ಲಿ ಆಡಿಸುತ್ತ. "ಇದೆಂತ ಸಾರೇ, ಆಸ್ಪತ್ರೆ ವಾಸ್ನೆ ಬತ್ತದೆ."

"ಹೊಳೆ ಬಳಚು ತಿಂದೇ ನಿಂಗೆ ಹೀಗಾಗಿದ್ದು ಅವ್ವ."

"ಬಳಚು ಎಂತ ಮಾಡ್ತದೆ ಪಾಪ. ಅದ್ಕೆ ಯಾರೋ ವಿಷ ಹಾಕಿದ್ರು, ಅದು ತಿಂತು. ನಂಗೂ ಹಂಗೇ."

ಶಾಲ್ಮಲಾ ಆ ಸಂಜೆ ಅವ್ವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಕಣ್ಣಿಗೂ ಕಾಣದ ಒಂದು ಕೋಶಕ್ಕೆ ಗೊತ್ತಿರುವ ವಿದ್ಯೆ, ಈ ಮೈಯ ಕೋಟಿ ಕೋಟಿ ಕೋಶಗಳಲ್ಲಿ ಒಂದಕ್ಕೂ ಗೊತ್ತಿಲ್ಲ. ಅವ್ವನ ಮೂಳೆಯೊಳಗೆ ಸೇರಿದ್ದನ್ನು ಯಾವ ಡಯಾಟಮ್ಮೂ ಹೆಕ್ಕಿ ತೆಗೆಯಲಾರದು. ಆದರೆ ಗಜನಿಯದನ್ನು ತೆಗೆಯಬಹುದಲ್ಲ.

ಮಳೆಗಾಲ ಕಳೆದ ಮೇಲೆ ಹೊಸಕುರ್ವೆಯ ಒಡ್ಡಿನ ಮೇಲೆ ಒಂದು ಶೆಡ್ಡು ಎದ್ದಿತು. ಒಳಗೆ ಎರಡು ಕಂಪ್ಯೂಟರ್ ಪರದೆ. ಗಜನಿಯಲ್ಲೂ ಜಂತ್ರದ ಹೊರಬದಿಯಲ್ಲೂ ಅಲ್ಲಲ್ಲಿ ಇಳಿಬಿಟ್ಟ ಕೊಳವೆಗಳಿಂದ ನೀರಿನ ಉಪ್ಪು, ಬಿಸಿ, ಕೋಶಗಳ ಸಂಖ್ಯೆ, ಕರಗಿದ ಲೋಹ ಎಲ್ಲ ಪರದೆಗೆ ಬರುವಂತೆ ಪೀಟರ್ ಜೋಡಿಸಿದ್ದ. ಲ್ಯಾಬಿನಲ್ಲಿ ಬೆಳೆಸಿದ ಡಯಾಟಮ್‌ಗಳನ್ನು ಪೀಪಾಯಿಗಳಲ್ಲಿ ತಂದು ಗಜನಿಗೆ ಸುರಿದರು. ನೋಡಲು ಇಡೀ ಊರೇ ಒಡ್ಡಿನ ಮೇಲೆ ನಿಂತಿತ್ತು.

ಡಯಾಟಮ್‌ಗಳು ಬೆಳೆದವು. ಸೊಗಸಾಗಿ ಬೆಳೆದವು. ನೀರು ಜೇನಿನ ಬಣ್ಣಕ್ಕೆ ತಿರುಗಿತು. ಆದರೆ ಕ್ಯಾಡ್ಮಿಯಂ ಎಳ್ಳಷ್ಟೂ ಇಳಿಯಲಿಲ್ಲ.

ಸಿಗಡಿಯೂ ಇಲ್ಲ, ಬಳಚೂ ಇಲ್ಲ, ಈಗ ಸಾರ್ವಜನಿಕರ ದುಡ್ಡಲ್ಲಿ ಪಾಚಿ ಸಾಕುತ್ತಿದ್ದಾರೆ ಎಂಬ ಮಾತು ದೋಣಿಯಲ್ಲಿ ಹೋಗುತ್ತ ಬರುತ್ತ ಅವಳ ಕಿವಿಗೂ ಬಿತ್ತು. ಶಾಲ್ಮಲಾ ಪಾತಿದೋಣಿಯಲ್ಲಿ ಕೂತು ಗಜನಿಯ ಮೂಲೆಮೂಲೆಯ ನೀರು ತುಂಬಿಸಿಕೊಂಡಳು. ಪ್ರತಿ ಜಾಗದ ಕೋಶಗಳನ್ನು ಬೇರೆ ಬೇರೆಯಾಗಿ ಒಡೆದು ನೋಡಿದಳು. ನಡುಮಧ್ಯದ ನೀರಿನ ಕೋಶಗಳು ಸಣಕಲಾಗಿದ್ದವು, ಒಳಗೆ ಸ್ವಲ್ಪ ಕ್ಯಾಡ್ಮಿಯಂ ಇತ್ತು. ಜಂತ್ರಗಳ ಹತ್ತಿರ ಬಂದಂತೆ ಕೋಶಗಳು ದುಂಡಗೆ ಕೊಬ್ಬಿದ್ದವು, ಒಳಗೆ ಕ್ಯಾಡ್ಮಿಯಂ ಇರಲಿಲ್ಲ. ಬದಲಿಗೆ ಸತು ತುಂಬಿತ್ತು.

ಅವಳು ಒಡ್ಡಿನ ಮೇಲೆ ನಡೆದು ಜಂತ್ರದ ಬಾಗಿಲಿಗೆ ಕೈಯಿಟ್ಟಳು. ಹೊಸದಾಗಿ ಹಾಕಿದ, ಬಿಸಿಲಿಗೆ ಬೆಳ್ಳಗೆ ಹೊಳೆಯುವ ಜಿಂಕ್ ಶೀಟು. ಕಬ್ಬಿಣ ತುಕ್ಕು ಹಿಡಿಯದಿರಲೆಂದು ಬಳಿದ ಸತು ಉಪ್ಪುನೀರಿಗೆ ಸ್ವಲ್ಪಸ್ವಲ್ಪವೇ ಕರಗುತ್ತಿತ್ತು. ಎಲ್ಲ ಬಾಗಿಲುಗಳೂ ಅವೇ. ಮನೆ ಬಾಗಿಲಲ್ಲೇ ಹಬ್ಬದೂಟ ಬಡಿಸಿಟ್ಟರೆ ಯಾರಾದರೂ ಗಂಜಿ ಕುಡಿಯುತ್ತಾರೆಯೇ?

ಗಜನಿ ಸಮಿತಿಯ ಅಧ್ಯಕ್ಷರು ಹಮ್ಮಣ್ಣ ನಾಯಕರು. ಆ ಬಾಗಿಲುಗಳಿಗಾಗಿ ಕಚೇರಿ ಕಚೇರಿ ಅಲೆದವರು ಅವರೇ. ಶಾಲೆಯ ಜಗಲಿಯಲ್ಲಿ ಸಭೆ ಸೇರಿದಾಗ ಶಾಲ್ಮಲಾ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಉತ್ತರ ಕೊಟ್ಟವರು ಹಮ್ಮಣ್ಣ ನಾಯಕರು.

"ತಂಗೀ, ಹಲಗೆ ಜಂತ್ರ ಇದ್ದಾಗ ನಾವು ಪಟ್ಟ ಪಾಡು ನಿಂಗೊತ್ತಿಲ್ಲ. ಪ್ರತಿ ಭರತಕ್ಕೂ ಒಬ್ರು ಕಾಯ್ಬೇಕು. ಹಲಗೆ ಮುರೀತು ಅಂದ್ರೆ ಭತ್ತ ಎಲ್ಲ ಉಪ್ಪುನೀರು ಪಾಲು. ಈಗ ಒಳ್ಳೆ ಬಾಗಿಲು ಬಂತು ಅನ್ನುವಾಗ ನೀನು ಕಿತ್ತಾಕಿ ಅಂತೆ."

"ಹೌದು ಹಮ್ಮಣ್ಣ ಮಾವ."

"ಕಿತ್ರೆ ನಿನ್ನ ಹುಳ ವಿಷ ತಿಂತದೆ ಅಂತ ಖಾತ್ರಿ ಅದ್ಯಾ?"

ಜಗಲಿಯಲ್ಲಿ ಎಲ್ಲರೂ ಅವಳ ಮುಖ ನೋಡಿದರು. ಹೌದು ಎಂದುಬಿಟ್ಟರೆ ಕೆಲಸ ಸಲೀಸಾಗುತ್ತಿತ್ತು. "ಲ್ಯಾಬಲ್ಲಿ ತಿಂದಿದೆ. ಇಲ್ಲಿ ತಿಂತದೆ ಅಂತ ನಾನು ನಂಬಿದ್ದೇನೆ. ಖಾತ್ರಿ ಹೇಳೋಕೆ ಆಗೋದಿಲ್ಲ" ಎಂದಳು.

ಹಿಂದಿನ ಸಾಲಿನಿಂದ ನಾಗವೇಣಿ ಅಂಬಿಗ ಎದ್ದು ನಿಂತಳು. ಬಳಚು ತೆಗೆಯುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಒಣಗಿದ ಸೀರೆಯಲ್ಲಿ ದಡದ ಮೇಲೆ ಕೂತು ದಿನ ದೂಡುವುದು ಅವಳಿಗೆ ಈ ಜನ್ಮದಲ್ಲಿ ಒಗ್ಗದ ಕೆಲಸ.

"ಅಕ್ಕೋರೆ, ಒಂದ್ಮಾತು. ಅದ್ಕೆ ಉಪವಾಸ ಕೆಡವಿದ್ರೆ ಮಾತ್ರ ಅದು ವಿಷ ಮುಟ್ಟುದಾ?"

"ಹೌದು ನಾಗವೇಣಕ್ಕ. ಹಸಿವಿಗೇ ಮುಟ್ಟೋದು."

"ಹಂಗಾರೆ ಅದೂ ನಮ್ಮಂಗೇ" ಎಂದು ನಾಗವೇಣಿ ಹಮ್ಮಣ್ಣ ನಾಯಕರ ಕಡೆ ತಿರುಗಿದಳು. "ಹಲಗೆ ಜಂತ್ರ ಹಾಕ್ಸಿ ನಾಯಕರೆ. ಕಾಯುದು ನಾವು ಕಾಯ್ತ್ರು. ಹೊಳೆಗಿಳಿಯುಕಂತೂ ಇಲ್ಲ, ಒಡ್ಡಿನ ಮೇಲಾದ್ರೂ ಕೂರ್ತ್ರು. ಪಾಳಿ ಹಾಕ್ಕಂಡ್ರೆ ಆಯ್ತು."

ಹಮ್ಮಣ್ಣ ನಾಯಕರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮರುದಿನ ಬಾಗಿಲು ಬಿಚ್ಚಲು ಸ್ಪ್ಯಾನರ್ ಹಿಡಿದು ಮೊದಲು ಬಂದವರೂ ಅವರೇ.

ಇನ್ನೊಂದು ತೊಡಕು ಉಳಿದಿತ್ತು. ವಿಷ ತುಂಬಿಕೊಂಡ ಡಯಾಟಮ್ ಹೊಳೆಗೆ ಹೋಗಕೂಡದು. ಹೋದರೆ ಅದನ್ನು ಮೊದಲು ತಿನ್ನುವುದು ಬಳಚೇ; ನೀರಿನಲ್ಲಿ ಚದುರಿ ತೆಳ್ಳಗಿದ್ದ ವಿಷವನ್ನು ತುತ್ತು ಕಟ್ಟಿ ಬಳಚಿನ ಬಾಯಿಗಿಟ್ಟ ಹಾಗಾಗುತ್ತದೆ. ಬೆಳೆ ತುಂಬಿ ಆಹಾರ ತೀರುತ್ತ ಬಂದಾಗ ಈ ಕೋಶಗಳು ಅಂಟಂಟಾಗಿ ಒಂದಕ್ಕೊಂದು ಹತ್ತಿ ಚೂರುಚೂರು ಮುದ್ದೆಯಾಗುತ್ತವೆ. ಆಗ ನೀರನ್ನು ಸೋಸಿ ತೆಗೆಯಬಹುದು. ನೈಲಾನ್ ಬಲೆಯಲ್ಲಿ ಮುದ್ದೆ ಪಿಚಕ್ಕೆಂದು ಜಾರಿಹೋಯಿತು. ಹಳೆಯ ನೂಲಿನ ಸೀರೆ ನಾಲ್ಕೈದು ಮಡಿಕೆ ಮಾಡಿ ಹಿಡಿದಾಗ, ನೂಲು ನೀರು ಕುಡಿದು ಉಬ್ಬಿ, ಮುದ್ದೆಯೆಲ್ಲ ನಿಂತಿತು. ಹೊಸಕುರ್ವೆಯ ಮನೆಮನೆಯ ಪೆಟ್ಟಿಗೆಯಿಂದ ಸೀರೆಗಳು ಹೊರಬಂದವು. ಬಡಗಿಯೊಬ್ಬನಿಂದ ಮರದ ಚೌಕಟ್ಟು ಮಾಡಿಸಿ ಅದಕ್ಕೆ ಬಿಗಿದು ಇಟ್ಟರು.

ಹಲಗೆಯ ಜಂತ್ರ ಹಾಕಿ, ಸತು ತೊಳೆದುಹೋಗಲು ಕೆಲವು ಭರತಗಳನ್ನು ಆಡಿಸಿ, ಮತ್ತೆ ಡಯಾಟಮ್ ಬಿಟ್ಟರು. ಈ ಸಲ ನೀರು ನಿಧಾನವಾಗಿ ಬಣ್ಣ ಹಿಡಿಯಿತು. ಹಸಿದವು ಬೆಳೆಯುವ ಹಾಗೆ ಬೆಳೆದವು. ಶಾಲ್ಮಲಾ ಶೆಡ್ಡಿನಲ್ಲಿ ಕೂತು ಪರದೆಯ ಮೇಲೆ ಕೋಶಗಳ ಸಂಖ್ಯೆ, ಕ್ಯಾಡ್ಮಿಯಂ ಎರಡರ ಗೆರೆಗಳನ್ನು ನೋಡುತ್ತಿದ್ದಳು. ಒಂದು ಬೆಳಗ್ಗೆ, ಕ್ಯಾಡ್ಮಿಯಮ್ಮಿನ ಗೆರೆ ತಲೆ ಬಗ್ಗಿಸಿತು. ಕೊಳವೆ ಕಟ್ಟಿಕೊಂಡಿರಬೇಕೆಂದು ಪೀಟರ್ ಹೋಗಿ ತೊಳೆದು ಬಂದ. ಗೆರೆ ಮತ್ತೂ ಕೆಳಗಿಳಿದಿತ್ತು. ಹೊರಗೆ ಒಡ್ಡಿನ ಮೇಲೆ ಪಾಳಿಯ ಹೆಂಗಸರು ಎಲೆಯಡಿಕೆ ಹಾಕುತ್ತ ಹರಟುತ್ತಿದ್ದರು. ಅವರ ಕಾಲ ಬುಡದಲ್ಲೇ, ಲೆಕ್ಕವಿಲ್ಲದಷ್ಟು ಗಾಜಿನ ಬಿಲ್ಲೆಗಳು ಮನುಷ್ಯ ಎಸೆದ ವಿಷವನ್ನು ಒಂದೊಂದೇ ಅಯಾನಾಗಿ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದವು. ಈ ಕೆಲಸ ಮಾಡಿರೆಂದು ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲ್ಮಲಾ ಮಾಡಿದ್ದು ಊಟ ಕಿತ್ತುಕೊಂಡದ್ದು ಮಾತ್ರ.

ಸೋಸುವುದು ನಾಳೆ ಎಂದು ನಿಶ್ಚಯವಾಗಿತ್ತು. ಅದರ ಹಿಂದಿನ ದಿನ ಅಮಾವಾಸ್ಯೆಯ ದೊಡ್ಡ ಭರತ. ಮಧ್ಯಾಹ್ನದ ಹೊತ್ತಿಗೆ ಗಜನಿ ಒಡ್ಡಿನಂಚಿನವರೆಗೆ ತುಂಬಿ, ಇಳಿತ ಶುರುವಾಗಿ ಹೊರಗೆ ಹೊಳೆ ತಗ್ಗುತ್ತಿದ್ದಾಗ ದೊಡ್ಡ ಜಂತ್ರದ ಕೆಳಗಿನ ಹಲಗೆ ಲಟ್ಟೆಂದು ಸೀಳಿತು. ಶಾಲ್ಮಲಾ ಓಡಿಬಂದು ನೋಡಿದರೆ, ಸೀಳಿನಿಂದ ಜೇನಿನ ಬಣ್ಣದ ನೀರು ಹೊಳೆಯತ್ತ ನುಗ್ಗುತ್ತಿತ್ತು. ಆ ಸೀಳಿಗೆ ನೇರವಾಗಿ ಎದುರಿಗೆ ಬಳಚಿನ ದೊಡ್ಡ ದಿಬ್ಬ.

ಜಿಂಕ್ ಶೀಟಾಗಿದ್ದರೆ ಸೀಳುತ್ತಿರಲಿಲ್ಲ. ಅದನ್ನು ತೆಗೆಸಿದವಳು ತಾನು.

ಪಾಳಿಯಲ್ಲಿದ್ದ ನಾಗವೇಣಿ ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು. "ಚೌಕಟ್ಟು ತನ್ನಿ" ಎಂದು ಕೇರಿಯ ಕಡೆಗೆ ಕೂಗಿ ನೀರಿಗಿಳಿದಳು. ಹೆಂಗಸರು ಇಬ್ಬಿಬ್ಬರು ಒಂದೊಂದು ಚೌಕಟ್ಟು ಹೊತ್ತು ಬಂದರು. ಸೀಳಿನ ಹೊರಬದಿಯಲ್ಲಿ, ಎದೆಮಟ್ಟದ ಸೆಳವಿನಲ್ಲಿ ಅರ್ಧಚಂದ್ರದ ಹಾಗೆ ಚೌಕಟ್ಟುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಬೆನ್ನು ಕೊಟ್ಟು ಒತ್ತಿ ಹಿಡಿದರು. ನೆಲ ಕಾಣದ ನೀರಿನಲ್ಲಿ ಕಾಲೂರಿ ನಿಲ್ಲುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಒಂದು ಸಂದು ಉಳಿದಿತ್ತು. ಶಾಲ್ಮಲಾ ಚಪ್ಪಲಿ ಬಿಟ್ಟು ಇಳಿದು ಅಲ್ಲೊಂದು ಚೌಕಟ್ಟಿಗೆ ಬೆನ್ನು ಕೊಟ್ಟಳು. ಹಮ್ಮಣ್ಣ ನಾಯಕರು ಗಂಡಸರನ್ನು ಕಟ್ಟಿಕೊಂಡು ಒಳಬದಿಯಿಂದ ಮಣ್ಣಿನ ಚೀಲ ಇಳಿಸತೊಡಗಿದರು.

"ಹೊರಗೆ ಎಷ್ಟು ಹೋಗ್ತಿದೆ ಪೀಟರ್?" ಎಂದು ಅವಳು ಕೂಗಿದಳು.

"ಹೋಗ್ತಿದೆ ಮೇಡಂ. ಮೊದಲಿನಷ್ಟಿಲ್ಲ" ಎಂದು ಶೆಡ್ಡಿನಿಂದ ಉತ್ತರ ಬಂತು.

ಮುದ್ದೆಗಳು ಬಟ್ಟೆಗೆ ಕಟ್ಟಿಕೊಂಡಂತೆ ನೀರಿನ ಒತ್ತಡ ಹೆಚ್ಚಿತು. ಚೌಕಟ್ಟು ಬೆನ್ನಿಗೆ ಒತ್ತಿ ಉಸಿರು ಕಟ್ಟಿತು. ಒಂದು ಸಲ ಶಾಲ್ಮಲಾಳ ಪಾದದಡಿಯ ಮರಳು ಕರಗಿ ಅವಳು ವಾಲಿದಳು. ಪಕ್ಕದ ನಾಗವೇಣಿ ತಿರುಗಿಯೂ ನೋಡದೆ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. "ಬೆರಳು ಊರಿ ಅಕ್ಕೋರೆ. ಹಿಮ್ಮಡಿ ಅಲ್ಲ, ಬೆರಳು."

ಸೂರ್ಯ ಕಡಲ ಕಡೆ ವಾಲುವ ಹೊತ್ತಿಗೆ ಸೀಳಿನ ಮೇಲೆ ಚೀಲಗಳ ಗುಡ್ಡೆ ಎದ್ದು, ನೀರು ನಿಂತಿತು. ಹೆಂಗಸರು ಚೌಕಟ್ಟುಗಳನ್ನು ಮಗುವನ್ನೆತ್ತಿದಂತೆ ಎರಡು ಕೈಯಲ್ಲಿ ಎತ್ತಿ ದಡಕ್ಕೆ ತಂದರು. ಸೀರೆಗಳ ಮೇಲೆ ದೋಸೆಹಿಟ್ಟಿನಷ್ಟು ದಪ್ಪಗೆ, ಕಂದು ಚಿನ್ನದ ಬಣ್ಣದ ಪದರ ಕೂತಿತ್ತು. ಶಾಲ್ಮಲಾ ಅದರ ಮುಂದೆ ಮಂಡಿಯೂರಿ ಕೂತಳು. ಕೈಗವಸಿನ ಬೆರಳಿನಿಂದ ಒಂದು ಚೂರು ತೆಗೆದು ಬೆಳಕಿಗೆ ಹಿಡಿದಳು. ಹೊಳೆಯ ವಿಷ ಮೊದಲ ಸಲ ಕೈಗೆ ಸಿಕ್ಕಿತ್ತು.

ಎಲ್ಲವೂ ಒಂದೇ ಏಟಿಗೆ ಸರಿಹೋಯಿತು ಎಂದಲ್ಲ. ಆ ದಿನ ತಪ್ಪಿಸಿಕೊಂಡು ಹೋದದ್ದು ಹತ್ತಿರದ ದಿಬ್ಬದ ಬಳಚಿಗೆ ಸೇರಿ, ಅಲ್ಲಿನ ವಿಷ ಸ್ವಲ್ಪಕಾಲ ಏರಿತು. ಬಲವಾದ ಹಲಗೆ ಹಾಕಿ ಮತ್ತೆ ಮತ್ತೆ ಬೆಳೆ ತೆಗೆದರು. ಸೋಸಿ ತೆಗೆದ ಪದರವನ್ನು ಒಣಗಿಸಿ, ಮುಚ್ಚಿದ ಡ್ರಮ್ಮುಗಳಲ್ಲಿ ಲೋಹ ಬೇರ್ಪಡಿಸುವಲ್ಲಿಗೆ ಕಳಿಸಿದರು. ಮಳೆಗಾಲಗಳು ಬಂದುಹೋದವು. ಹೆಂಗಸರ ಪಾಳಿ ಮಾತ್ರ ಒಂದು ಭರತಕ್ಕೂ ತಪ್ಪಲಿಲ್ಲ. ಕೊನೆಗೆ ಒಂದು ವರ್ಷ ಮಳೆ ನಿಂತ ಮೇಲೆ ತೆಗೆದ ಬಳಚು, ಲ್ಯಾಬಿನಲ್ಲಿ ಎಷ್ಟು ಸಲ ಅಳೆದರೂ ತಿನ್ನಬಹುದಾದ ಮಟ್ಟದ ಒಳಗೇ ನಿಂತಿತು. ದೋಣಿಕಟ್ಟೆಯ ಹಲಗೆಯನ್ನು ಸರ್ಕಾರದವರೇ ಬಂದು ಕಿತ್ತರು.

ಬೀರಮ್ಮ ಅಷ್ಟರಲ್ಲಿ ಕೋಲು ಹಿಡಿದು ಅಂಗಳದವರೆಗೆ ಮಾತ್ರ ನಡೆಯುತ್ತಿದ್ದಳು. ಮಗಳು ತಂದ ಬಳಚಿನ ಸುಕ್ಕವನ್ನು ವೈದ್ಯರ ಅಪ್ಪಣೆಯಂತೆ ಎರಡೇ ಚಿಪ್ಪು ತಿಂದಳು. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, "ಉಪ್ಪು ಕಮ್ಮಿ ಮಾಡಿದ್ದೆ ನೀನು" ಎಂದಳು. ಆಮೇಲೆ ಮಗಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಳು.

ಆ ವಾರ ನಾಗವೇಣಿ ಕಾರವಾರಕ್ಕೆ ಬಂದವಳು ಲ್ಯಾಬಿಗೂ ಬಂದಳು. ಇಷ್ಟು ಕಾಲ ತಾನು ಕಾದ ಜೀವಿಯನ್ನು ಅವಳು ನೋಡಿಯೇ ಇರಲಿಲ್ಲ. ಶಾಲ್ಮಲಾ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ನಾಗವೇಣಿ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದಳು.

"ಎಷ್ಟ್ ಚಂದ ಅದೆ" ಎಂದಳು ಮೆಲ್ಲಗೆ. "ಇಷ್ಟ್ ಸಣ್ಣದಾ?"

"ಇಷ್ಟೇ."

"ಈಗ್ಲೂ ಉಪವಾಸವಾ?"

ಲ್ಯಾಬಿನ ಮೂಲ ತಳಿಯನ್ನು ಶಾಲ್ಮಲಾ, ಕೆಲಸ ಮರೆಯದಿರಲಿ ಎಂದು, ಇಷ್ಟೂ ಕಾಲ ಸತುವಿಲ್ಲದ ನೀರಿನಲ್ಲೇ ಇಟ್ಟಿದ್ದಳು. "ಹೌದು" ಎಂದಳು.

"ವಿಷ ಎಲ್ಲ ತೆಗ್ದು ಕೊಟ್ಟದೆ. ಇನ್ನಾದ್ರೂ ಅದರ ಊಟ ಹಾಕ್ರಿ."

ಶಾಲ್ಮಲಾ ಶೀತಪೆಟ್ಟಿಗೆಯಲ್ಲಿ ಕಾಪಿಟ್ಟ ತಳಿಯನ್ನು ಹಾಗೇ ಬಿಟ್ಟು, ಕಿಟಕಿಯ ಬಳಿ ಅದೇ ತಳಿ ಬೆಳೆಯುತ್ತಿದ್ದ ಗಾಜಿನ ಬುರುಡೆಯೊಂದನ್ನು ಎತ್ತಿಕೊಂಡಳು. ಸತುವಿನ ಲವಣದ ನೀರನ್ನು ಒಂದೇ ಒಂದು ಹನಿ ಅದಕ್ಕೆ ಬಿಟ್ಟು ಮೆಲ್ಲಗೆ ಅಲುಗಿಸಿ ಬೆಳಕಿನಲ್ಲಿಟ್ಟಳು.

ಮರುದಿನ ಬೆಳಗ್ಗೆ ಅವಳು ಲ್ಯಾಬಿಗೆ ಬಂದು ಬೇರೆ ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ಆ ಬುರುಡೆಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದಳು. ಸಣಕಲು ಬಿಲ್ಲೆಗಳು ದುಂಡಗಾಗಿದ್ದವು. ಒಂದು ಬಿಲ್ಲೆ ಅವಳು ನೋಡುತ್ತಿದ್ದ ಹಾಗೆಯೇ ನಡುವೆ ಬಿರುಕು ಬಿಟ್ಟು, ಅವಸರವಿಲ್ಲದೆ ಎರಡಾಗುತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು, ಅದು ಪೂರ್ತಿ ಬೇರ್ಪಡುವವರೆಗೂ ಅಲ್ಲೇ ಕೂತಳು.